ಹಳೆಯ ಗಮ್ಮಿನ ಡಬ್ಬಕ್ಕೂ ಲೆಕ್ಕ ಬೇಕು





ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿಚಾರದಲ್ಲಿ ಗುಬ್ಬಿ ಮತ್ತು ಕುಣಿಗಲ್ ಕಡೆಯವರು ಎದುರುಬದುರಾಗಿ ನಿಂತದ್ದನ್ನು ಇಡೀ ನಾಡು ನೋಡಿದೆ. ಅದೇ ಹೇಮಾವತಿ ಬುಗುಡನಹಳ್ಳಿ ಕೆರೆಯಿಂದ ತುಮಕೂರು ನಗರದ ನಲ್ಲಿಗಳಿಗೂ ಬರುತ್ತದೆ. ನಾಲೆಯ ನೀರಿಗೆ ಇಷ್ಟು ಹೋರಾಡುವ ಜಿಲ್ಲೆಯಲ್ಲಿ, ಮನೆ ಬಾಗಿಲವರೆಗೆ ಬಂದ ನೀರು ಪೈಪಿನ ಜಾಯಿಂಟಿನಲ್ಲಿ ಸೋರಿಹೋಗುವುದನ್ನು ಕೇಳುವವರಿಲ್ಲ. ಸೋರಿಕೆಗೆ ಕಾರಣಗಳು ಹಲವು. ಅವುಗಳಲ್ಲಿ ಸುಲಭವಾಗಿ ತಪ್ಪಿಸಬಹುದಾದದ್ದು, ಪೈಪು ಕೂಡಿಸಲು ಬಳಸುವ ಪಿವಿಸಿ ಗಮ್ (ಸೊಲ್ಯೂಷನ್) ಕೆಟ್ಟುಹೋಗಿರುವುದು.

ಸತ್ಯಮಂಗಲದಂತೆ ನಗರದ ಅಂಚಿನಲ್ಲಿ ಹೊಸ ಮನೆಗಳು ಏಳುತ್ತಿರುವ ಕಡೆ ಅರ್ಧ ಖಾಲಿಯಾದ ಸೊಲ್ಯೂಷನ್ ಡಬ್ಬ ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಪ್ಲಂಬರ್ ಚೀಲದಲ್ಲೇ ಸಾಗುತ್ತದೆ. ತೋಟದ ಪಂಪ್‌ಹೌಸಿನಲ್ಲಿ ಶೀಟಿನ ಸೂರಿನ ಕೆಳಗೆ ಬೇಸಗೆಯೆಲ್ಲ ಕಾದ ಡಬ್ಬ ಮುಂದಿನ ವರ್ಷ ಡ್ರಿಪ್ ಲೈನಿಗೆ ಬಳಕೆಯಾಗುತ್ತದೆ. ‘ಗಮ್ಮಿಗೆ ಎಂಥ ಡೇಟು’ ಎನ್ನುವವರು ಒಂದು ಕಡೆ, ಡೇಟು ದಾಟಿದರೆ ವಿಷವೆಂಬಂತೆ ಎಸೆಯುವವರು ಇನ್ನೊಂದು ಕಡೆ. ಎರಡೂ ಸರಿಯಲ್ಲ.

ಈ ಗಮ್ ಸಾಮಾನ್ಯ ಅಂಟಿನ ಹಾಗೆ ನಡುವೆ ಕೂತು ಹಿಡಿಯುವುದಿಲ್ಲ. ಟೆಟ್ರಾಹೈಡ್ರೋಫ್ಯೂರಾನ್, ಮೀಥೈಲ್ ಈಥೈಲ್ ಕೀಟೋನ್, ಸೈಕ್ಲೋಹೆಕ್ಸನೋನ್ ಮುಂತಾದ ದ್ರಾವಕಗಳಲ್ಲಿ ಪಿವಿಸಿ ರಾಳವನ್ನೇ ಕರಗಿಸಿ ಇದನ್ನು ಮಾಡುತ್ತಾರೆ. ದ್ರಾವಕ ಪೈಪಿನ ಹೊರಮೈಯನ್ನೂ ಕಪ್ಲರಿನ ಒಳಮೈಯನ್ನೂ ಮೆತ್ತಗೆ ಮಾಡುತ್ತದೆ. ಎರಡೂ ಬೆರೆತು, ದ್ರಾವಕ ಆರಿದ ಮೇಲೆ ಒಂದೇ ತುಂಡಾಗಿ ಗಟ್ಟಿಯಾಗುತ್ತವೆ. ಟೆಟ್ರಾಹೈಡ್ರೋಫ್ಯೂರಾನ್ 66 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವಂಥದ್ದು. ಮುಚ್ಚಳ ಸಡಿಲವಾಗಿದ್ದರೆ ಮೊದಲು ಆರಿಹೋಗುವುದೂ ಅದೇ. ಉಳಿದ ಮುದ್ದೆಗೆ ಪೈಪನ್ನು ಮೆತ್ತಗೆ ಮಾಡುವ ಶಕ್ತಿ ಇರುವುದಿಲ್ಲ. ಜಾಯಿಂಟ್ ಅಂದು ಹಿಡಿದಂತೆ ಕಾಣುತ್ತದೆ, ಒತ್ತಡ ಬಿದ್ದಾಗ ಬಿಟ್ಟುಕೊಳ್ಳುತ್ತದೆ.

ಆದ್ದರಿಂದ ನೋಡಬೇಕಾದದ್ದು ಡೇಟು, ಡಬ್ಬದ ಒಳಗಿನ ಸ್ಥಿತಿ ಎರಡನ್ನೂ. ಮುಚ್ಚಿದ ಡಬ್ಬ ತಂಪು ಜಾಗದಲ್ಲಿದ್ದರೆ ಸಾಮಾನ್ಯವಾಗಿ ಎರಡು–ಮೂರು ವರ್ಷ ಕೆಡುವುದಿಲ್ಲ. ಕಡ್ಡಿಯಲ್ಲಿ ಎತ್ತಿದಾಗ ಗಂಟಿಲ್ಲದೆ ಜೇನಿನಂತೆ ಸಮವಾಗಿ ಇಳಿದರೆ ಗಮ್ ಬಳಕೆಗೆ ಬರುತ್ತದೆ. ಲೋಳೆಗಟ್ಟಿದ್ದರೆ, ಗಂಟುಕಟ್ಟಿದ್ದರೆ, ಬಣ್ಣ ತಿರುಗಿದ್ದರೆ ಡೇಟು ಇನ್ನೂ ಬಾಕಿಯಿದ್ದರೂ ಅದರ ಆಯಸ್ಸು ಮುಗಿದಿದೆ. ತಿನ್ನರ್ ಸುರಿದು ತೆಳು ಮಾಡುವುದಂತೂ ಕೂಡದು. ತೆಳುವಾಗುತ್ತದೆಯೇ ಹೊರತು ಹಿಡಿತ ಮರಳುವುದಿಲ್ಲ.

ಗಮ್ ಚೆನ್ನಾಗಿದ್ದರೂ ಪೈಪಿಗೆ ತಕ್ಕದ್ದಾಗಿರಬೇಕು. ಬಿಸಿನೀರಿನ ಸಿಪಿವಿಸಿ ಪೈಪಿಗೆ ಅದರದೇ ಗಮ್ ಬೇಕು. ನೀಲಿ ಗೆರೆಯ ಕರಿ ಎಚ್‌ಡಿಪಿಇ ಪೈಪಿಗೆ ಯಾವ ಸೊಲ್ಯೂಷನ್ನೂ ಹಿಡಿಯುವುದಿಲ್ಲ. ಅದನ್ನು ಕಾಯಿಸಿ ಬೆಸೆಯಬೇಕು, ಇಲ್ಲವೇ ಕಂಪ್ರೆಷನ್ ಫಿಟಿಂಗ್ ಹಾಕಬೇಕು.

ಒಂದು ಜಾಯಿಂಟ್ ಸೆಕೆಂಡಿಗೆ ಒಂದು ಹನಿ ಬಿಟ್ಟರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿ ಲೀಟರ್ ಎಂದರೂ ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ, ವರ್ಷಕ್ಕೆ ಸಾವಿರದ ಐನೂರು ಲೀಟರಿಗೂ ಹೆಚ್ಚು. ಹೋಲಿಕೆಗೆ ನೋಡಿದರೆ, ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ ಕೊಡಬೇಕೆಂದಿರುವುದು 55 ಲೀಟರ್. ನಷ್ಟ ಇಷ್ಟಕ್ಕೇ ನಿಲ್ಲದು. ನೀರು ಬಿಡದ ಹೊತ್ತಿನಲ್ಲಿ ಖಾಲಿ ಪೈಪು ಅದೇ ಬಿರುಕಿನಿಂದ ಚರಂಡಿಯ ನೀರನ್ನು ಒಳಗೆಳೆದುಕೊಳ್ಳಬಹುದು. ಆಗ ಅದು ಕುಟುಂಬದ ಆರೋಗ್ಯದ ಪ್ರಶ್ನೆಯಾಗುತ್ತದೆ.

ನಿಯಮಗಳು ಇಲ್ಲದೆ ಇಲ್ಲ. ಯುಪಿವಿಸಿ ಪೈಪಿನ ಗಮ್ಮಿಗೆ ಐಎಸ್ 14182 ಎಂಬ ಭಾರತೀಯ ಮಾನಕವಿದೆ. ಪೊಟ್ಟಣ ಸರಕುಗಳ 2011ರ ಕಾನೂನು ಮಾಪನ ನಿಯಮಗಳಂತೆ ತಯಾರಾದ ತಿಂಗಳು, ವರ್ಷವನ್ನು ಮೇಲೆ ನಮೂದಿಸಬೇಕು. ಆದರೆ ಆ ಅಕ್ಷರ ಡಬ್ಬದ ತಳದಲ್ಲಿ ಮಸಿಯಲ್ಲಿ ಒತ್ತಿದ್ದರೆ, ಗಮ್ ತಾಗಿದ ಕೂಡಲೇ ಕರಗಿಹೋಗಬಹುದು. ಪಂಚಾಯಿತಿ ಮತ್ತು ಪಾಲಿಕೆಯ ಕಾಮಗಾರಿಗಳಲ್ಲಿ ಪೈಪಿನ ಗುಣಮಟ್ಟ ಕೇಳುವಂತೆಯೇ ಗಮ್ಮಿನ ಡಬ್ಬದ ತಿಂಗಳು, ವರ್ಷವನ್ನೂ ಕೇಳಿ ಕಾಮಗಾರಿ ಪುಸ್ತಕದಲ್ಲಿ ಬರೆಯಬೇಕು. ಮಣ್ಣು ಮುಚ್ಚುವ ಮೊದಲು, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಆರಲು ಬಿಟ್ಟು, ನೀರು ಹಾಯಿಸಿ ಒತ್ತಡ ಪರೀಕ್ಷೆ ಮಾಡಬೇಕು.

ಅಂಗಡಿಯವರೂ ಒಂದು ಕೆಲಸ ಮಾಡಬಹುದು: ಮನೆಯ ಎರಡು ಎಲ್ಬೋ ಕೂಡಿಸುವವರಿಗೆ ಒಂದು ಲೀಟರಿನ ಡಬ್ಬ ಕೊಡದೆ ಚಿಕ್ಕದನ್ನೇ ಕೊಡಲಿ. ಉಳಿದದ್ದು ಕೆಡುವುದೂ ತಪ್ಪುತ್ತದೆ, ಕೆಟ್ಟದ್ದನ್ನು ಬಳಸುವ ಆಸೆಯೂ ಹುಟ್ಟುವುದಿಲ್ಲ. ತಯಾರಿಕೆಯ ದಿನಾಂಕವೇ ಕಾಣದ ಡಬ್ಬವನ್ನು ಓದುಗರು ವಾಪಸು ಕೊಡಲಿ. ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲಿ.

– ಒಬ್ಬ ಓದುಗ, ಸತ್ಯಮಂಗಲ, ತುಮಕೂರು