ಜರ್ಮನ್ ತರಗತಿಯಲ್ಲಿ ತುಳುನಾಡಿಗೂ ಜಾಗ ಬೇಕು

ಪಡುಬಿದ್ರಿಯಲ್ಲಿ ಹೆದ್ದಾರಿ ಬಿಟ್ಟು ಕಾರ್ಕಳದ ಕಡೆ ತಿರುಗಿದರೆ ನಂದಿಕೂರು ಸಿಗುತ್ತದೆ. ಕೊಂಕಣ ರೈಲಿನ ನಿಲ್ದಾಣ, 1200 ಮೆಗಾವಾಟ್‌ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ, ಅಡ್ವೆ ನಂದಿಕೂರಿನ ಕೋಟಿ-ಚೆನ್ನಯ ಕಂಬಳ, ಇವು ಆಸುಪಾಸಿನ ಗುರುತುಗಳು. ಪಡುಬಿದ್ರಿಯ ವಿಶೇಷ ಆರ್ಥಿಕ ವಲಯದಲ್ಲಿ ಗಾಳಿಯಂತ್ರದ ರೆಕ್ಕೆ ತಯಾರಿಸುವ ಘಟಕ ಹಾಕಿದ ಸುಜ್ಲಾನ್, 2007ರಲ್ಲಿ ಜರ್ಮನಿಯ ರೀಪವರ್ ಕಂಪೆನಿಯನ್ನು ವಶಕ್ಕೆ ಪಡೆದು 2015ರಲ್ಲಿ ಮಾರಿತು. ಈ ಭಾಗದ ಮನೆಗಳಿಗೆ ಜರ್ಮನಿ ಈಗ ದೂರದ ಹೆಸರಲ್ಲ. ಎಂಜಿನಿಯರಿಂಗ್ ಮುಗಿಸಿದವರು ಎಂಎಸ್‌ಗೆ, ನರ್ಸಿಂಗ್ ಮುಗಿಸಿದವರು ಆಸ್ಪತ್ರೆಯ ಕೆಲಸಕ್ಕೆ ಅತ್ತ ನೋಡುತ್ತಾರೆ. ಇಬ್ಬರಿಗೂ ಜರ್ಮನ್ ಬೇಕು.

ಈ ಸೆಳೆತಕ್ಕೆ ಕಾರಣ ಸ್ಪಷ್ಟವಿದೆ. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಅಲ್ಲಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರೇ ಮೊದಲ ಸ್ಥಾನದಲ್ಲಿದ್ದಾರೆ. 2023-24ರಲ್ಲಿ ಅವರ ಸಂಖ್ಯೆ 49,000 ದಾಟಿತ್ತು. ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಹಾಗಂತ ಹಾದಿ ಸಲೀಸಲ್ಲ. ವಿದ್ಯಾರ್ಥಿ ವೀಸಾಕ್ಕೆ ವರ್ಷದ ಖರ್ಚಿನ 11,904 ಯೂರೋ ಮೊದಲೇ ಖಾತೆಯಲ್ಲಿ ತೋರಿಸಬೇಕು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮಿಕ್ಕಿದ ಮೊತ್ತ. ನರ್ಸ್ ಆಗಿ ಪೂರ್ಣ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಹಂತದ ಭಾಷೆ ಬೇಕು.

ಆದ್ದರಿಂದ ಎ1, ಎ2, ಬಿ1 ಎಂಬ ಮೆಟ್ಟಿಲುಗಳೇ ಜರ್ಮನ್ ಕಲಿಕೆಯ ಲೆಕ್ಕವಾಗಿವೆ. ಅದರಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ. ಮನೆಯ ಸಾಲ ತೀರಿಸಲು ಬಿ2 ಓದುವ ಹುಡುಗಿಯ ಕಲಿಕೆಗೆ ದೊಡ್ಡ ಗೌರವ ಸಲ್ಲಬೇಕು. ತಕರಾರು ಕಾಲೇಜುಗಳ ಮೇಲೆ. ಕೋಚಿಂಗ್ ಸೆಂಟರ್ ಮಾಡುವಷ್ಟನ್ನೇ ಕಾಲೇಜೂ ಮಾಡಿದರೆ, ಜರ್ಮನ್ ಭಾಷೆಯೊಂದಿಗೆ ಈ ಕರಾವಳಿಗಿರುವ ಸುಮಾರು ಇನ್ನೂರು ವರ್ಷಗಳ ನಂಟನ್ನು ಹೇಳಿಕೊಡುವವರು ಯಾರು?

ಬಾಸೆಲ್ ಮಿಶನ್ನಿನ ಮೂವರು ಮಿಶನರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಅನಂತರ ಬಂದ ಹೆರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, ಫರ್ಡಿನಾಂಡ್ ಕಿಟೆಲ್ 1894ರಲ್ಲಿ ನಿಘಂಟು ಪ್ರಕಟಿಸಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಪಠ್ಯಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಇದೇ ಜನ ನಮ್ಮ ಬಗ್ಗೆ ತಮ್ಮ ತಾಯ್ನುಡಿ ಜರ್ಮನ್ನಿನಲ್ಲಿ ಏನೇನು ಬರೆದರು ಎಂಬುದು ಹೆಚ್ಚಿನವರ ಕಣ್ಣಿಗೆ ಬಿದ್ದೇ ಇಲ್ಲ.

ಅದೇನು ಸಣ್ಣ ರಾಶಿಯಲ್ಲ. ಮೊಗ್ಲಿಂಗ್‌ನ ಬಂಧು ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಭಾಷೆ ಮತ್ತು ಸಾಹಿತ್ಯದ ಮೇಲೆ ಬರೆದ ಜರ್ಮನ್ ಪ್ರಬಂಧ 1848ರಲ್ಲೇ ಜರ್ಮನ್ ಪ್ರಾಚ್ಯವಿದ್ಯಾ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ಪತ್ರಿಕೆಯಲ್ಲಿ 1860ರಿಂದ ಮೊಗ್ಲಿಂಗ್ ಹರಿದಾಸರ ಪದಗಳನ್ನು ಜರ್ಮನ್ ಪದ್ಯಕ್ಕೆ ತಂದು ಕಂತುಕಂತಾಗಿ ಪ್ರಕಟಿಸಿದ. ಕನಕನ ಕಿಂಡಿಯ ಎದುರು ದಿನವೂ ಹಾದುಹೋಗುವ ಉಡುಪಿಯ ವಿದ್ಯಾರ್ಥಿಗೆ, ದಾಸರ ಪದಗಳು ನೂರಾ ಅರುವತ್ತು ವರ್ಷಗಳ ಹಿಂದೆಯೇ ಜರ್ಮನ್ ಓದುಗರನ್ನು ಮುಟ್ಟಿದ್ದವು ಎಂದು ಯಾರಾದರೂ ಹೇಳಿದ್ದಾರೆಯೇ? ಕೊಡಗಿನ ಮೇಲೆ ಮೊಗ್ಲಿಂಗ್ ಮತ್ತು ವೈಟ್‌ಬ್ರೆಕ್ಟ್ ಸೇರಿ ಬರೆದ ಪುಸ್ತಕ 1866ರದ್ದು. ಕಿಟೆಲ್ ಲಿಂಗಪೂಜೆಯ ಮೂಲವನ್ನು ಕುರಿತು ಬರೆದ ಪುಸ್ತಕ 1876ರಲ್ಲಿ ಬಂತು. ಇವೆಲ್ಲ ಜರ್ಮನ್ನಿನವು. ಇವರ ಅಭಿಪ್ರಾಯಗಳನ್ನೆಲ್ಲ ಒಪ್ಪಬೇಕಿಲ್ಲ. ಮತಪ್ರಚಾರದ ಕಣ್ಣು ಬರಹದಲ್ಲಿ ಇದ್ದೇ ಇದೆ. ಒಪ್ಪದೆ ಜಗಳಾಡುವುದಕ್ಕೂ ಮೊದಲು ಓದಬೇಕಲ್ಲ!

ಅಚ್ಚಾದದ್ದು ಇಷ್ಟಾದರೆ ಅಚ್ಚಾಗದ್ದು ಇನ್ನೂ ಹೆಚ್ಚು. ಇಲ್ಲಿನ ಮಿಶನ್ ಠಾಣೆಗಳಿಂದ ಹೋದ ವರದಿ, ಕಾಗದಗಳು ಸ್ವಿಜರ್‌ಲೆಂಡಿನ ಬಾಸೆಲ್ ನಗರದ ದಾಖಲೆ ಸಂಗ್ರಹದಲ್ಲಿವೆ. ಅವುಗಳಲ್ಲಿ ಅನೇಕವು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿವೆ. ಚೂಪು ಚೂಪಾಗಿ ಮೇಲೆ ಕೆಳಗೆ ಓಡುವ ಗೆರೆಗಳಲ್ಲಿ ‘ಇ’ಯೂ ‘ಎನ್‌’ ಎಂಬುದೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ತರಬೇತಿಯಿಲ್ಲದೆ ಇಂದಿನ ಜರ್ಮನರಿಗೂ ಅದು ಓದಲು ಬರದು. ಕುರೆಂಟ್ ಓದಬಲ್ಲ, ಜತೆಗೆ ತುಳುವೂ ಗೊತ್ತಿರುವ ಒಬ್ಬ ವಿದ್ಯಾರ್ಥಿ ಈ ಜಿಲ್ಲೆಯಿಂದ ತಯಾರಾದರೆ, ಕಾಗದದಲ್ಲಿ ವಿಕಾರವಾಗಿ ಬರೆದಿರುವ ಊರಿನ ಹೆಸರು, ಮನೆತನದ ಹೆಸರು, ದೈವದ ಹೆಸರು ಯಾವುದೆಂದು ತಟ್ಟನೆ ಗುರುತಿಸಿಯಾನು. ಬರ್ಲಿನ್ನಿನ ಎಂಥ ಪಂಡಿತನಿಗೂ ಅದು ಅಷ್ಟು ಸುಲಭದ ಕೆಲಸವಲ್ಲ.

ತುಳುವಿನ ಮಟ್ಟಿಗಂತೂ ಈ ನಂಟು ಅನಿವಾರ್ಯ. ಜೆ. ಬ್ರಿಗೆಲ್ ತುಳು ವ್ಯಾಕರಣ ಬರೆದದ್ದು 1872ರಲ್ಲಿ. ಆಗಸ್ಟ್ ಮೆನ್ನರ್ 1886ರಲ್ಲಿ ತುಳು-ಇಂಗ್ಲಿಷ್ ನಿಘಂಟು ತಂದ. ತುಳುವಿನ ಕಥನಗೀತೆಗಳಾದ ಪಾಡ್ದನಗಳ ಸಂಕಲನವನ್ನೂ ಅದೇ ವರ್ಷ ಅಚ್ಚು ಹಾಕಿಸಿದ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟನ್ನು ಹೊರತರಲು ಆರಂಭಿಸಿದ್ದು 1988ರಲ್ಲಿ. ನಡುವೆ ನೂರು ವರ್ಷ ಉರುಳಿದ್ದವು. ಆಮೇಲಾದರೂ ಜರ್ಮನರು ಸುಮ್ಮನಾಗಲಿಲ್ಲ. ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಹೈಡ್ರೂನ್ ಬ್ರೂಕ್ನರ್ ಧೂಮಾವತಿ ದೈವದ ಪಾಡ್ದನವನ್ನು ಸಂಪಾದಿಸಿದರು. ತುಳುನಾಡಿನ ನೇಮ, ಆಚರಣೆ, ಪಠ್ಯಗಳ ಮೇಲೆ ಅವರು ಬರೆದ ದೊಡ್ಡ ಗ್ರಂಥ ‘ಫ್ಯೂರ್‌ಸ್ಟ್ಲಿಶೆ ಫೆಸ್ಟೆ’ 1995ರಲ್ಲಿ ಜರ್ಮನ್ ಭಾಷೆಯಲ್ಲೇ ಪ್ರಕಟವಾಯಿತು. ಬಿ.ಎ. ವಿವೇಕ ರೈ ಅದೇ ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಕಾತ್ರಿನ್ ಬಿಂದರ್ ಯಕ್ಷಗಾನದ ಅಧ್ಯಯನಕ್ಕೆಂದು ಕನ್ನಡ ಕಲಿತರು. ಅತ್ತಲಿಂದ ಇತ್ತ ಬಂದು ಇಷ್ಟು ಶ್ರದ್ಧೆಯಿಂದ ಕಲಿತವರು ಇದ್ದಾರೆ. ಇತ್ತಲಿಂದ ಜರ್ಮನ್ ಕಲಿತು ಈ ಕೆಲಸಕ್ಕೆ ಕೈ ಹಾಕುವವರ ಪಡೆಯನ್ನು ನಮ್ಮ ಕಾಲೇಜುಗಳು ಕಟ್ಟಿಲ್ಲ. ಇದು ನೋವಿನ ಸಂಗತಿ.

ಕಲಿಯುವುದು ಕಷ್ಟ ಎಂಬ ಅಳುಕು ಬೇಡ. ಇಂಗ್ಲಿಷಿನ ಮೂಲಕ ಕಲಿಸುವುದರಿಂದಲೇ ಅರ್ಧ ಕಷ್ಟ ಬಂದಿದೆ. ‘ವೈಲ್ ಇಶ್ ಕ್ರಾಂಕ್ ಬಿನ್’ ಎಂದರೆ ‘ನನಗೆ ಹುಷಾರಿಲ್ಲದ ಕಾರಣ’ ಎಂದರ್ಥ. ಇಲ್ಲಿ ಕ್ರಿಯಾಪದ ‘ಬಿನ್’ ಕೊನೆಗೆ ಹೋಗಿ ಕುಳಿತದ್ದು ಇಂಗ್ಲಿಷಿನಲ್ಲಿ ಯೋಚಿಸುವವನಿಗೆ ಒಗಟು. ಕ್ರಿಯಾಪದವನ್ನು ವಾಕ್ಯದ ತುದಿಯಲ್ಲಿಡುವ ಕನ್ನಡ, ತುಳು, ಕೊಂಕಣಿಯ ಮಕ್ಕಳಿಗೆ ಅದು ಮನೆಯ ಪದ್ಧತಿ. ಡೆರ್, ಡೀ, ದಾಸ್ ಎಂಬ ಮೂರು ಲಿಂಗಗಳಿಗೆ ವಿದ್ಯಾರ್ಥಿಗಳು ಹೆದರುತ್ತಾರೆ. ಕೊಂಕಣಿಯಲ್ಲಿ ತೊ, ತಿ, ತೆಂ ಇಲ್ಲವೇ? ಜರ್ಮನ್ನಿನಲ್ಲಿ ಹುಡುಗಿ ನಪುಂಸಕ ಲಿಂಗ ಎಂದಾಗ ತರಗತಿ ನಗುತ್ತದೆ. ಕೊಂಕಣಿಯ ‘ಚೆಡುಂ’ ಕೂಡ ನಪುಂಸಕವೇ, ಹವ್ಯಕರ ಮನೆಗಳಲ್ಲೂ ಹುಡುಗಿ ಬಂದರೆ ‘ಕೂಸು ಬಂತು’ ಎಂದೇ ಹೇಳುತ್ತಾರೆ. ಕಾರ್ಕಳ, ಮಣಿಪಾಲದ ತರಗತಿಯಲ್ಲಿ ಮೂರು ನಾಲ್ಕು ಭಾಷೆ ಆಡುವ ಮಕ್ಕಳಿರುತ್ತಾರೆ. ಪಾಠ ಹೇಳುವವರು ಈ ಬಂಡವಾಳವನ್ನು ಬಳಸಿಕೊಂಡರೆ ವ್ಯಾಕರಣದ ಭಯ ಅರ್ಧಕ್ಕರ್ಧ ಇಳಿಯುತ್ತದೆ.

ಸಾಹಿತ್ಯದ ಮಾತೂ ಇದೆ. ಬ್ರೆಕ್ಟ್‌ನ ನಾಟಕಗಳು ಕನ್ನಡ ರಂಗಭೂಮಿಗೆ ಒಗ್ಗಿವೆ. ರಿಲ್ಕೆಯನ್ನೂ ಬ್ರೆಕ್ಟ್‌ನನ್ನೂ ಯು.ಆರ್. ಅನಂತಮೂರ್ತಿ ಕನ್ನಡಕ್ಕೆ ತಂದರು. ಆದರೂ ಜರ್ಮನ್ ಸಾಹಿತ್ಯ ನಮಗೆ ಬಂದದ್ದು ಬಹುಪಾಲು ಇಂಗ್ಲಿಷಿನ ಬಾಗಿಲಿನಿಂದ. ಹೆರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಓದಿ ಮೆಚ್ಚುವ ನಾವು, ಅವನ ತಾಯಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು, ಅಜ್ಜ ಗುಂಡರ್ಟ್ ಮಲಯಾಳಂ ನಿಘಂಟು ಬರೆದ ಬಾಸೆಲ್ ಮಿಶನರಿ ಎಂಬುದನ್ನು ನೆನೆಯುವುದು ಕಡಿಮೆ. ಕೇರಳದವರು ಆ ನಂಟನ್ನು ಬಿಡಲಿಲ್ಲ. ಗುಂಡರ್ಟ್ ಸಂಗ್ರಹವನ್ನು ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 2018ರಲ್ಲಿ ಅಂತರ್ಜಾಲಕ್ಕೆ ಹಾಕಿದಾಗ ಮಲಯಾಳಿಗಳು ಹಬ್ಬದಂತೆ ಸಂಭ್ರಮಿಸಿದರು. ಮೊಗ್ಲಿಂಗ್‌ಗೆ 1858ರಲ್ಲಿ, ಕಿಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ಟ್ಯೂಬಿಂಗೆನ್. ಕನ್ನಡದವರು ಅಲ್ಲಿ ಹಕ್ಕಿನಿಂದ ಕೇಳಬಹುದಾದದ್ದು ಬಹಳಷ್ಟಿದೆ.

ಮಣಿಪಾಲದಲ್ಲಿ ಜರ್ಮನ್ ಕಲಿಯುವ ಅವಕಾಶವಿದೆ, ಯುರೋಪಿಯನ್ ಅಧ್ಯಯನ ಕೇಂದ್ರವೂ ಇದೆ. ಹತ್ತಿರದಲ್ಲೇ ಗೋವಿಂದ ಪೈ ಕೇಂದ್ರವಿದೆ. ಮಂಗಳೂರಿನ ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಗ್ರಂಥಾಲಯವಿದೆ, ಬಾಸೆಲ್ ಮಿಶನ್ ಪ್ರೆಸ್ಸಿನ ಹಳೆಯ ಪುಸ್ತಕಗಳು ಅಲ್ಲಿವೆ. ಈ ಸಂಸ್ಥೆಗಳು ಒಂದು ಮೇಜಿನ ಸುತ್ತ ಕೂತರೆ ಎರಡು ಸೆಮಿಸ್ಟರಿನ ಒಂದು ಐಚ್ಛಿಕ ಪತ್ರಿಕೆ ರೂಪಿಸುವುದು ಕಷ್ಟವಲ್ಲ. ಮೊದಲ ಸೆಮಿಸ್ಟರಿನಲ್ಲಿ ಭಾಷೆಯ ಜತೆ ಕುರೆಂಟ್ ಅಕ್ಷರಾಭ್ಯಾಸ. ಎರಡನೆಯದರಲ್ಲಿ ವೈಗ್ಲೆಯ 1848ರ ಪ್ರಬಂಧದ ಕೆಲವು ಪುಟಗಳನ್ನು ಜರ್ಮನ್ ಅಧ್ಯಾಪಕರೂ ಕನ್ನಡ ಅಧ್ಯಾಪಕರೂ ಜತೆಯಾಗಿ ಕೂರಿಸಿಕೊಂಡು ಓದಿಸುವುದು. ಬಿ1 ಪರೀಕ್ಷೆಗೆ ಓದುವವರಿಗೂ ಇದರಿಂದ ನಷ್ಟವಿಲ್ಲ, ಓದಿನ ಅಭ್ಯಾಸ ಅಲ್ಲೂ ಅಂಕ ತರುತ್ತದೆ. ಮುಂದಿನ ಶೈಕ್ಷಣಿಕ ವರ್ಷದ ಪಠ್ಯಕ್ರಮದ ಸಭೆಗಳಲ್ಲಿ ಕರಾವಳಿಯ ಕನ್ನಡ ಅಧ್ಯಾಪಕರೇ ಈ ಪ್ರಸ್ತಾವ ಮುಂದಿಡಲಿ.