ಬಾಯಿಲ್ಲದ ವಿದ್ಯೆ

ನಮ್ಮ ಶಾಲೆಗಳಲ್ಲಿ ಕನ್ನಡವನ್ನು ಓದಿಸುತ್ತಾರೆ, ಬರೆಯಿಸುತ್ತಾರೆ, ಆಡಿಸುವದಿಲ್ಲ. ಹತ್ತು ವರ್ಷ ಕನ್ನಡ ಕಲಿತು ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದ ತರುಣನನ್ನು ನಾಲ್ಕು ಜನರೆದುರು ನಿಲ್ಲಿಸಿ, ನಿನ್ನೂರ ಕೆರೆಯ ದುಃಸ್ಥಿತಿಯನ್ನು ಐದು ನಿಮಿಷ ವಿವರಿಸೆಂದರೆ ಅವನ ನಾಲಿಗೆ ಒಣಗುವದು. ಇದು ಅವನ ದೋಷವೆಂದು ನಾವು ಸರ್ವಥಾ ಒಪ್ಪೆವು.

ಲೆಕ್ಕವನ್ನೇ ನೋಡಿರಿ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಪ್ರಥಮ ಭಾಷೆಗೆ 125 ಅಂಕಗಳು. ಅವುಗಳಲ್ಲಿ 100 ಬರವಣಿಗೆಗೆ; ಉಳಿದ 25 ಶಾಲೆಯವರೇ ಕೊಡತಕ್ಕವು. ಬಾಯಿಮಾತಿಗೆ ಸ್ಥಳವಿದ್ದರೆ ಆ 25ರ ಯಾವುದೋ ಮೂಲೆಯಲ್ಲಿ! ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದು 1981ರಲ್ಲಿ ಗೋಕಾಕ ಸಮಿತಿಯು ವರದಿಯಿತ್ತಿತು. 1982ರಲ್ಲಿ ನಾಡಿಗೆ ನಾಡೇ ಬೀದಿಗಿಳಿಯಿತು. ಅದು ಯೋಗ್ಯವಾದ ಹೋರಾಟ. ಆದರೆ ಗೆದ್ದ ಅಂಕಗಳನ್ನು ಯಾವ ಯೋಗ್ಯತೆಗೆ ಕೊಡಬೇಕೆಂಬ ಪ್ರಶ್ನೆಯನ್ನು ನಾವು ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ.

ಭಾಷಣಸ್ಪರ್ಧೆಗಳಿಲ್ಲವೆ ಎನ್ನುವವರುಂಟು. ಆಗಸ್ಟ್ 15ರಂದು ಯಾವ ಶಾಲೆಗಾದರೂ ಹೋಗಿ ಕೇಳಿರಿ. ಗುರುಗಳು ಬರೆದುಕೊಟ್ಟದ್ದನ್ನು ಹುಡುಗನು ಕಣ್ಮುಚ್ಚಿ ಒಪ್ಪಿಸುವನು. ನಡುವೆ ಒಂದು ಶಬ್ದ ಮರೆತರೆ ಇಡೀ ಸ್ವಾತಂತ್ರ್ಯ ಸಂಗ್ರಾಮವೇ ನಿಂತುಹೋಗುವದು. ಇದು ಮಾತಲ್ಲ, ಗಿಳಿಪಾಠ.

ಇದಕ್ಕಿಂತ ಘೋರವಾದುದು ಇನ್ನೊಂದಿದೆ. ಮಗುವು ಮನೆಯ ಮಾತನ್ನು ಹೊತ್ತು ತರಗತಿಗೆ ಬರುವದು. ಹಳೆ ಮೈಸೂರಿನ ಹಳ್ಳಿಯ ಹುಡುಗನು ಹಾಲಿಗೆ ಆಲು ಎನ್ನುವನು. ಧಾರವಾಡದ ಕಡೆಯ ಹುಡುಗಿಯು ಬೆಂಗಳೂರಿನ ಶಾಲೆಯಲ್ಲಿ 'ಬರತೇನ್ರಿ' ಎನ್ನುವಳು. ಇಡೀ ತರಗತಿಯು ನಗುವದು. ಕೆಲವೆಡೆ ಉಪಾಧ್ಯಾಯರೂ ನಗುವರು. ಹೀಗೆ ನಗೆಗೀಡಾದ ಮಗು ಮತ್ತೆ ಬಾಯಿ ತೆರೆದೀತೆ? ಗ್ರಂಥಸ್ಥ ಕನ್ನಡವನ್ನು ಕಲಿಸಲೇಬೇಕು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಮನೆಯ ಮಾತಿಗೆ ಅಪಮಾನ ಮಾಡಿ ಕಲಿಸತಕ್ಕದ್ದಲ್ಲ. 1911ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಮೈಸೂರು ಸೀಮೆಯಿಂದ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಬಂದು, ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸವಿತ್ತರು. ಆ ಸೀಮೆಯ ನುಡಿ ಈ ಸೀಮೆಯವರಿಗೆ ಹಾಸ್ಯಾಸ್ಪದವಾಗಲಿಲ್ಲ.

ಪಟ್ಟಣದ ತಂದೆತಾಯಿಗಳಿಗೂ ಒಂದು ಮಾತು. ಬೀದಿಗೊಂದು 'ಸ್ಪೋಕನ್ ಇಂಗ್ಲಿಷ್' ವರ್ಗವಿದೆ. ತಾವು ಹಣ ತೆತ್ತು ಮಕ್ಕಳನ್ನು ಕಳಿಸುತ್ತೀರಿ. ಅಲ್ಲಿ ಮಾರಾಟವಾಗುವ ಸರಕು ಇಂಗ್ಲಿಷೊಂದೇ ಅಲ್ಲ. ನಾಲ್ವರೆದುರು ನಿಲ್ಲುವ ಧೈರ್ಯವೂ ಅದರೊಡನೆ ಇದೆ. ಆ ಧೈರ್ಯವನ್ನು ಕನ್ನಡದಲ್ಲಿಯೇ, ಬಿಟ್ಟಿಯಾಗಿ, ಶಾಲೆಯಲ್ಲಿ ಕೊಡಬಹುದಾಗಿತ್ತು! ಕೊಡದ ಕಾರಣ, ಮಾತಿನ ಚಾತುರ್ಯವೆಂದರೆ ಪರಭಾಷೆಯ ಗುಣವೆಂದು ಮಕ್ಕಳು ತಿಳಿದಿದ್ದಾರೆ.

ತಾಯ್ನುಡಿಯು ತಾನಾಗಿ ಬರುವದು, ಅದನ್ನು ಆಡಲು ಕಲಿಸುವದೇಕೆ ಎಂದು ಕೆಲವರು ಕೇಳುತ್ತಾರೆ. ಅಡಿಗೆಮನೆಯ ಮಾತು ತಾನಾಗಿ ಬಂದೀತು; ಎದುರಾಳಿಯ ವಾದವನ್ನು ಪೂರ್ತಿ ಕೇಳಿ, ಸಿಟ್ಟಾಗದೆ, ಕಾರಣಸಹಿತ ಉತ್ತರ ಕೊಡುವ ಮಾತು ತಾನಾಗಿ ಬರುವದಿಲ್ಲ. ರಾಜಭಾಷಾ ಕಾಯಿದೆಯು 1963ರಲ್ಲಿ ಬಂತು. ಪಂಚಾಯತ ರಾಜ್ಯ ಕಾಯಿದೆಯು 1993ರಲ್ಲಿ ಗ್ರಾಮಸಭೆಯಲ್ಲಿ ಪ್ರಶ್ನಿಸುವ ಅಧಿಕಾರವನ್ನು ಮತದಾರನಿಗೆ ಕೊಟ್ಟಿತು. ಕಚೇರಿಯ ಭಾಷೆ ಕನ್ನಡ, ಸಭೆಯ ಭಾಷೆ ಕನ್ನಡ; ಆದರೂ ಎಸ್.ಎಸ್.ಎಲ್.ಸಿ. ಪಾಸಾದವನು ಹಿಂದಿನ ಸಾಲಿನಲ್ಲಿ ಕುಳಿತು, ಗದ್ದಲ ಮಾಡಬಲ್ಲ ಎರಡು ಮಂದಿಗೆ ಊರನ್ನೊಪ್ಪಿಸಿ ಮನೆಗೆ ಹೋಗುವನು. ಬೀದಿದೀಪದ ಲೆಕ್ಕ ಅವನಿಗೆ ಗೊತ್ತು, ಕೇಳುವ ಬಗೆ ಗೊತ್ತಿಲ್ಲ.

ಆದ್ದರಿಂದ ನಾವು ಕೇಳುವದು ಇಷ್ಟೆ: ಬರವಣಿಗೆಯ 100ರಲ್ಲಿ 20 ಅಂಕಗಳನ್ನು ತೆಗೆದು ಬಾಯಿಮಾತಿಗೆ ಇಡಲಿ, ಹೊರಗಿನ ಪರೀಕ್ಷಕರು ಬಂದು ಕೇಳಲಿ. ಅದಾಗುವವರೆಗೆ ಉಪಾಧ್ಯಾಯ ಬಂಧುಗಳು ಸರಕಾರದ ಆಜ್ಞೆಗೆ ಕಾಯಬೇಕಾಗಿಲ್ಲ. ವೇಳೆಯಿಲ್ಲವೆಂಬ ನೆವ ನಮಗೆ ಒಪ್ಪಿಗೆಯಾಗದು. ತರಗತಿಯಲ್ಲಿ 40 ಮಕ್ಕಳಿದ್ದರೆ, ತಲೆಗೆ ಎರಡು ನಿಮಿಷದಂತೆ 80 ನಿಮಿಷ, ಎರಡು ಪೀರಿಯಡ್. ಬರುವ ಶನಿವಾರವೇ ಆರಂಭಿಸಬಹುದು.