ಹಿತ್ತಲ ಶೆಡ್ಡೂ ಮನೆಯೇ

"ಅಕ್ಕೋರ, ನೀವು ಸಾಲ್ಯಾಗ ಕನ್ನಡ ಕಲಸ್ರಿ, ಕರೆಂಟಿನ ಮಾತು ನಮಗ ಬಿಡ್ರಿ" ಎಂದ ವೈರಿಂಗಿನವನು. ನಾನು ಬಿ.ಎ., ಬಿ.ಎಡ್. ಆದವಳು, ನಿಜ. ಆದರೆ 230ನ್ನು 50ರಿಂದ ಭಾಗಿಸಲು ಇಂಜಿನಿಯರ್ ಆಗಬೇಕಿಲ್ಲ.

ಡೋಣಿಯಲ್ಲಿ ನಮ್ಮ ಮನೆಯ ಹಿಂದೆ, ಇಪ್ಪತ್ತು ಮಾರು ಆಚೆ, ತಮ್ಮನ ಪತ್ರಾಸಿನ ಶೆಡ್ಡು. ಕುಂಟಿ, ರಂಟಿ ರಿಪೇರಿ, ವೆಲ್ಡಿಂಗು, ಒಂದು ಡ್ರಿಲ್ಲಿಂಗ್ ಮಷಿನ್ನು. ಮನೆಯಿಂದ ಎಳೆದದ್ದು ಎರಡೇ ತಂತಿ. ಮೂರನೆಯದು ಎಲ್ಲಿ ಎಂದರೆ, "ಅಲ್ಲೇ ಒಂದು ಸಲಾಕಿ ಬಡದೇವಲ್ರೀ, ಅದ ಅರ್ಥಿಂಗು." ಒಂದು ಬೇಸಿಗೆಯ ಮಧ್ಯಾಹ್ನ ತಮ್ಮ ಬರಿಗಾಲಲ್ಲಿ ನಿಂತು ಡ್ರಿಲ್ಲು ಹಿಡಿದ. ಕೈ ಬಿಡಲಿಲ್ಲ. ಅವನ ಹೆಂಡತಿ ಓಡಿಬಂದು ಮನೆಯ ಮೇನ್ ಸ್ವಿಚ್ಚು ಇಳಿಸಿದಳು, ಉಳಿದ. ಎಂಸಿಬಿ ಮಾತ್ರ ತನಗೇನೂ ಗೊತ್ತಿಲ್ಲದಂತೆ ಮೇಲೆಯೇ ಇತ್ತು.

ಯಾಕೆ ಬೀಳಲಿಲ್ಲ? ನಮ್ಮದು ಕಪ್ಪತಗುಡ್ಡದ ಬುಡದ ನೆಲ, ಗರಸು, ಕಲ್ಲು. ಹಸಿ ಎರೆಮಣ್ಣಿನಂತೆ ಇದು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬೇಸಿಗೆಯಲ್ಲಂತೂ ಇಲ್ಲವೇ ಇಲ್ಲ. ಸಲಾಕೆಯ ರೋಧ 50 ಓಮ್ ಎಂದಿಟ್ಟುಕೊಳ್ಳಿ. 230 ವೋಲ್ಟಿಗೆ ಹರಿಯುವುದು 4.6 ಆಂಪಿಯರ್. ಯಾರೋ ಇಸ್ತ್ರಿ ಮಾಡುತ್ತಿದ್ದಾರೆ ಎಂದುಕೊಂಡು 16 ಆಂಪಿಯರಿನ ಎಂಸಿಬಿ ಸುಮ್ಮನಿರುತ್ತದೆ. ಮಷಿನ್ನಿನ ಮೈಮೇಲೆ ಕರೆಂಟು ಕೂತೇ ಇರುತ್ತದೆ. ಎದೆಬಡಿತ ಕೆಡಿಸಲು ಒಂದು ಆಂಪಿಯರಿನ ಹತ್ತನೆಯ ಪಾಲು ಸಾಕು.

ಆಮೇಲೆ ಅವನು ಹೇಳಿದ ಉಪಾಯ ಇನ್ನೂ ಭಯಂಕರ: "ಹಂಗಾರ ಬಾಡಿನ್ನ ನ್ಯೂಟ್ರಲ್ಲಿಗೇ ಕಟ್ಟಿಬಿಡೂಣ." ಗಾಳಿಗೆ ನ್ಯೂಟ್ರಲ್ ತಂತಿ ಹರಿದರೆ? ಉರಿಯುವ ಬಲ್ಬಿನ ಮೂಲಕವೇ ಫೇಸು ಬಂದು ಮಷಿನ್ನಿಗೆ ಏರುತ್ತದೆ. ಇಂಥವರಿಗೆ ನಾವು ಕೂಲಿ ಕೊಡುತ್ತೇವೆ, ಚಹಾ ಕೊಡುತ್ತೇವೆ, ಮೇಲೆ ಕೈ ಮುಗಿಯುತ್ತೇವೆ.

ಅರ್ಥಿಂಗಿಗೆ ನಿಯಮವೇ ಇಲ್ಲವೆಂದಲ್ಲ. ಐ.ಎಸ್. 3043 ಎಂಬ ಭಾರತೀಯ ಮಾನಕ 1987ರಲ್ಲೇ ಇತ್ತು, 2018ರಲ್ಲಿ ಪರಿಷ್ಕಾರವೂ ಆಯಿತು. ಗುಡ್ಡದ ಮೇಲಿನ ಗಾಳಿಫ್ಯಾನುಗಳನ್ನು ಅರ್ಥಿಂಗ್ ಇಲ್ಲದೆ ಯಾರಾದರೂ ಒಂದು ದಿನ ನಡೆಸುತ್ತಾರೆಯೇ? ಯಂತ್ರ ಕಂಪನಿಯದಾದರೆ ನಿಯಮ, ನಮ್ಮದಾದರೆ ಸಲಾಕಿ! ನಾವೂ ಕಡಿಮೆಯವರಲ್ಲ. ಹೊಸ್ತಿಲ ಕಲ್ಲಿಗೆ ಸಾವಿರಗಟ್ಟಲೆ ಸುರಿಯುತ್ತೇವೆ, ವಾಸ್ತು ಕೇಳುತ್ತೇವೆ. ಖಂಡೇಪೂಜೆಗೆ ಅದೇ ಡ್ರಿಲ್ಲಿಗೆ ಕುಂಕುಮ ಹಚ್ಚಿ ಕಾಯಿ ಒಡೆದದ್ದು ನಾನೇ. ಮೂರನೆಯ ಪಿನ್ನಿಗೆ ತಂತಿ ಇದೆಯೋ ಇಲ್ಲವೋ ನೋಡಿರಲಿಲ್ಲ.

ಕೊನೆಗೆ ಗದಗಿನಿಂದ ಬೇರೊಬ್ಬರನ್ನು ಕರೆಸಿದೆ. ಮನೆಯ ಅರ್ಥ್ ತಂತಿ ಶೆಡ್ಡಿನವರೆಗೆ ಬಂತು. ಶೆಡ್ಡಿಗೆ ಇದ್ದಿಲು ತುಂಬಿದ ಹೊಸ ಗುಂಡಿ ಆಯಿತು, ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯುತ್ತೇವೆ. ಗುಂಡಿಯೊಂದನ್ನೇ ನಂಬಲಿಲ್ಲ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂಡಿಸಿದರು. ಹೋದ ಕರೆಂಟು ಅಷ್ಟೇ ತಿರುಗಿ ಬಾರದಿದ್ದರೆ ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೀಳುತ್ತದೆ.

ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತುವುದು ನನ್ನ ಕೆಲಸ. "ಕೆಲಸದ ಹೊತ್ತಿನ್ಯಾಗ ಬಂದು ಬಂದ್ ಮಾಡ್ತೀಯಲ್ಲ ಅಕ್ಕಾ" ಎಂದು ತಮ್ಮ ಗೊಣಗುತ್ತಾನೆ. ಒತ್ತುತ್ತೇನೆ.